ಹಕ್ಕುಚ್ಯುತಿ, ಜೈಲು ಮತ್ತು ಜಾನ್ ವಿಲ್ಕ್ಸ್: ಕರ್ನಾಟಕ ವಿಧಾನಸಭೆಗೊಂದು ಬಹಿರಂಗ ಪತ್ರ

ಮಾನ್ಯ ಸಭಾಧ್ಯಕ್ಷರಿಗೆ ಮತ್ತು ವಿಧಾನಸಭೆಯ ಎಲ್ಲ ಸದಸ್ಯರಿಗೆ,

ನಮಸ್ಕಾರ.

2017ರ ಜೂನ್‌ನಲ್ಲಿ ನಿಮ್ಮ ಸದನ ಇಬ್ಬರು ಪತ್ರಿಕಾ ಸಂಪಾದಕರಿಗೆ ತಲಾ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ವಿಧಿಸಿತು. ಶಾಸಕರ ಬಗ್ಗೆ ಅವರು ಬರೆದದ್ದು ಹಕ್ಕುಚ್ಯುತಿ, ಅಂದರೆ ಸದನದ ವಿಶೇಷ ಹಕ್ಕುಗಳಿಗೆ ಧಕ್ಕೆ, ಎಂದು ಸದನದ ಸಮಿತಿ ಹೇಳಿತು, ಸದನ ಒಪ್ಪಿತು. ಆ ಬರಹ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಬಂದಿಲ್ಲ. ಬರಹದಿಂದ ಯಾರದಾದರೂ ಮಾನ ಹೋಗಿದ್ದರೆ ಅದಕ್ಕೆ ಕೋರ್ಟ್ ಇದೆ. ನಾನು ಕೇಳುತ್ತಿರುವುದು ಬೇರೆ. ಒಬ್ಬ ಮನುಷ್ಯನನ್ನು ಜೈಲಿಗೆ ಹಾಕುವ ಅಧಿಕಾರ ಸದನಕ್ಕೆ ಬಂದದ್ದು ಎಲ್ಲಿಂದ?

ಉತ್ತರ ಸಂವಿಧಾನದ 194ನೇ ವಿಧಿಯ ಮೂರನೇ ಖಂಡದಲ್ಲಿದೆ. ಶಾಸನಸಭೆ ತನ್ನ ಹಕ್ಕುಗಳೇನು ಎಂದು ತಾನೇ ಕಾನೂನು ಮಾಡಿಕೊಳ್ಳಬೇಕು. ಮಾಡುವವರೆಗೆ ಬ್ರಿಟನ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಗೆ ಇದ್ದ ಹಕ್ಕುಗಳೇ ನಮಗೂ. 1978ರ 44ನೇ ತಿದ್ದುಪಡಿ ಆ ಸಭೆಯ ಹೆಸರನ್ನು ಮಾತ್ರ ತೆಗೆಯಿತು, ಹಕ್ಕುಗಳು ಹಾಗೇ ಉಳಿದವು. ಈ ಹಕ್ಕುಗಳನ್ನೆಲ್ಲ ಪಟ್ಟಿ ಮಾಡಿ ಹೇಳುವ ಕಾನೂನು ನಮ್ಮಲ್ಲಿ ಇವತ್ತಿಗೂ ಇಲ್ಲ. ಅಂದರೆ ಬೆಂಗಳೂರಿನಲ್ಲಿ ಕೂತು ನೀವು ಬಳಸುತ್ತಿರುವುದು ಬ್ರಿಟನ್ ಸಂಸತ್ತು ಕೂರುವ ವೆಸ್ಟ್‌ಮಿನ್‌ಸ್ಟರ್‌ನಿಂದ ಸಾಲ ತಂದ ಅಧಿಕಾರ. ಆ ಅಧಿಕಾರದ ಎದುರು ನಿಂತು ಜೀವನವನ್ನೇ ಸವೆಸಿದ ಒಬ್ಬ ಪತ್ರಕರ್ತ ಇದ್ದ. ಅವನ ಕಥೆ ನಿಮಗೆ ಗೊತ್ತಿರಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ.

ಜಾನ್ ವಿಲ್ಕ್ಸ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿ. ಅಪ್ಪ ಮದ್ಯ ಬಟ್ಟಿ ಇಳಿಸುವ ವ್ಯಾಪಾರಿ, ಅನುಕೂಲಸ್ಥ. ಮಗ ಹಾಲೆಂಡಿನ ಲೈಡನ್‌ನಲ್ಲಿ ಓದಿದ. ತನಗಿಂತ ಸುಮಾರು ಹತ್ತು ವರ್ಷ ದೊಡ್ಡವಳಾದ ಶ್ರೀಮಂತ ಹೆಣ್ಣನ್ನು ಮದುವೆಯಾದ, ಕೆಲವೇ ವರ್ಷಗಳಲ್ಲಿ ಬೇರೆಯಾದ. ಮಗಳು ಪಾಲಿ ಮಾತ್ರ ಕೊನೆಯವರೆಗೂ ಅವನ ಜೀವ. ಮೆಳ್ಳಗಣ್ಣು, ಮುಂದೆ ಚಾಚಿದ ದವಡೆ. ಅರ್ಧ ಗಂಟೆ ಮಾತಾಡಲು ಬಿಟ್ಟರೆ ಈ ಮುಖವನ್ನು ಮರೆಸಿಬಿಡುತ್ತೇನೆ ಎನ್ನುತ್ತಿದ್ದನಂತೆ. 1757ರಲ್ಲಿ ಏಲ್ಸ್‌ಬರಿಯಿಂದ ಕಾಮನ್ಸ್ ಸಭೆಗೆ ಆಯ್ಕೆಯಾದ.

ಅವನು ಸಾಧು ಮನುಷ್ಯ ಆಗಿರಲಿಲ್ಲ. ಇದನ್ನು ಮುಚ್ಚಿಟ್ಟರೆ ನಿಮಗೂ ಅವನಿಗೂ ಅನ್ಯಾಯ ಮಾಡಿದಂತೆ. ಮೈತುಂಬ ಸಾಲ. ಹೆಣ್ಣು, ಕುಡಿತದ ಹುಚ್ಚು. ಸರ್ ಫ್ರಾನ್ಸಿಸ್ ಡ್ಯಾಶ್‌ವುಡ್‌ನ ಮೆಡ್ಮನ್‌ಹ್ಯಾಮ್ ಮೋಜುಕೂಟಗಳಿಗೆ ಹೋಗುತ್ತಿದ್ದವನು. ಅವನ ಬರಹದಲ್ಲಿ ಸ್ಕಾಟ್ಲೆಂಡಿನ ಜನರ ಮೇಲೆ ಕಾರಿದ ದ್ವೇಷವನ್ನು ಈಗ ಓದಿದರೆ ಬೇಜಾರಾಗುತ್ತದೆ. ಒಂದು ಇಡೀ ಜನಾಂಗವನ್ನು ಹೀಗಳೆದು ಓದುಗರನ್ನು ಗಿಟ್ಟಿಸುವ ಕೆಲಸ ಅಂದೂ ತಪ್ಪು, ಇಂದೂ ತಪ್ಪು. ಇಂಥವನಿಗೆ ಸಿಕ್ಕ ರಕ್ಷಣೆಯೇ ಮುಂದೆ ಎಲ್ಲರಿಗೂ ಸಿಕ್ಕಿತು ಅನ್ನುವುದು ಈ ಕಥೆಯಲ್ಲಿ ನನಗೆ ಜಾಸ್ತಿ ಮುಖ್ಯ.

1762ರಲ್ಲಿ ಮೂರನೇ ಜಾರ್ಜ್ ದೊರೆಯ ಮೆಚ್ಚಿನ ಲಾರ್ಡ್ ಬ್ಯೂಟ್ ಪ್ರಧಾನಿಯಾದ. ಅವನನ್ನು ಹೊಗಳಲು ಕಾದಂಬರಿಕಾರ ಸ್ಮಾಲೆಟ್ ‘ಬ್ರಿಟನ್’ ಎಂಬ ಪತ್ರಿಕೆ ಶುರುಮಾಡಿದ. ಅದಕ್ಕೆ ಉತ್ತರವಾಗಿ ಜೂನ್ 5ರಂದು ವಿಲ್ಕ್ಸ್, ಕವಿ ಚಾರ್ಲ್ಸ್ ಚರ್ಚಿಲ್‌ನ ಜೊತೆ ಸೇರಿ ‘ನಾರ್ತ್ ಬ್ರಿಟನ್’ ಹೊರತಂದ. ‘ನಾರ್ತ್ ಬ್ರಿಟನ್’ ಎಂದರೆ ಉತ್ತರ ಬ್ರಿಟನ್ನಿನವನು, ಅಂದರೆ ಸ್ಕಾಟ್ಲೆಂಡಿನವನು. ಬ್ಯೂಟ್ ಸ್ಕಾಟ್ಲೆಂಡಿನವನಾದ್ದರಿಂದ ಆ ಹೆಸರು. ಪತ್ರಿಕಾ ಸ್ವಾತಂತ್ರ್ಯ ಬ್ರಿಟನ್ನಿನ ಪ್ರಜೆಯ ಹುಟ್ಟುಹಕ್ಕು, ನಾಡಿನ ಸ್ವಾತಂತ್ರ್ಯಕ್ಕೆ ಅದೇ ಗಟ್ಟಿ ಕೋಟೆ ಎಂದು ಮೊದಲ ಸಂಚಿಕೆಯ ಮೊದಲ ಸಾಲೇ ಹೇಳಿತು.

ಅವನ ಬರವಣಿಗೆಯಲ್ಲಿ ಇನ್ನೊಂದು ಧೈರ್ಯವೂ ಇತ್ತು. ಆಗಿನ ಪತ್ರಿಕೆಗಳು ಮಂತ್ರಿಗಳನ್ನು ಬೈಯುವಾಗ ಹೆಸರಿನ ಮೊದಲ ಅಕ್ಷರ ಹಾಕಿ, ನಡುವೆ ಗೆರೆ ಎಳೆದು ತಪ್ಪಿಸಿಕೊಳ್ಳುತ್ತಿದ್ದವು. ವಿಲ್ಕ್ಸ್ ಪೂರ್ತಿ ಹೆಸರನ್ನೇ ಅಚ್ಚು ಹಾಕಿಸಿದ.

1763ರ ಏಪ್ರಿಲ್ 23ರಂದು 45ನೇ ಸಂಚಿಕೆ ಬಂತು. ನಾಲ್ಕು ದಿನ ಮುಂಚೆ ದೊರೆ ಸಂಸತ್ತಿನಲ್ಲಿ ಭಾಷಣ ಓದಿದ್ದ. ಫ್ರಾನ್ಸ್ ಜೊತೆಗಿನ ಯುದ್ಧ ಮುಗಿಸಿದ ಪ್ಯಾರಿಸ್ ಒಪ್ಪಂದವನ್ನು ಅದರಲ್ಲಿ ಕೊಂಡಾಡಿದ್ದ. ವಿಲ್ಕ್ಸ್ ಬರೆದದ್ದು ಇಷ್ಟು: ದೊರೆಯ ಭಾಷಣ ಎಂದರೆ ಮಂತ್ರಿಯ ಭಾಷಣ ಎಂದೇ ಎಲ್ಲರೂ ತಿಳಿದಿದ್ದಾರೆ, ಆದ್ದರಿಂದ ಅದನ್ನು ಟೀಕಿಸಬಹುದು. ಹಾಗೆ ಹೇಳಿ, ಒಬ್ಬ ಒಳ್ಳೆಯ ದೊರೆಯ ಬಾಯಲ್ಲಿ ಇಂಥ ಮಾತುಗಳನ್ನು ಆಡಿಸಿದ್ದು ಮಂತ್ರಿಗಳ ನಾಚಿಕೆಗೇಡಿತನ ಎಂದು ಚುಚ್ಚಿದ. ನಮ್ಮ ರಾಜ್ಯಪಾಲರು ಜಂಟಿ ಅಧಿವೇಶನದಲ್ಲಿ ಓದುವ ಭಾಷಣವನ್ನೂ ಸಂಪುಟವೇ ಬರೆದುಕೊಡುತ್ತದೆ. ವಿರೋಧ ಪಕ್ಷದಲ್ಲಿ ಕೂತಾಗ ನೀವೆಲ್ಲ ಅದನ್ನು ಸರ್ಕಾರದ ಭಾಷಣ ಎಂದೇ ಹಿಡಿದು ಟೀಕಿಸುತ್ತೀರಿ. 1763ರಲ್ಲಿ ಇದೇ ವಾದಕ್ಕೆ ಒಬ್ಬ ಸಂಸತ್ ಸದಸ್ಯ ಜೈಲಿಗೆ ಹೋಗಬೇಕಾಯಿತು.

ಮಂತ್ರಿ ಲಾರ್ಡ್ ಹ್ಯಾಲಿಫ್ಯಾಕ್ಸ್ ಒಂದು ಜನರಲ್ ವಾರಂಟ್ ಹೊರಡಿಸಿದ. ಅದರಲ್ಲಿ ಆರೋಪಿಯ ಹೆಸರಿರಲಿಲ್ಲ. ಪತ್ರಿಕೆಯ ಲೇಖಕರು, ಮುದ್ರಕರು, ಪ್ರಕಾಶಕರು ಯಾರೇ ಇರಲಿ, ಹುಡುಕಿ ಹಿಡಿದು ತನ್ನಿ, ಕಾಗದಪತ್ರಗಳನ್ನೂ ತನ್ನಿ ಅಂತಷ್ಟೇ ಇತ್ತು. ಆ ಒಂದು ಕಾಗದ ಹಿಡಿದು ಸುಮಾರು ಐವತ್ತು ಜನರನ್ನು ಹಿಡಿದರು. ಅಚ್ಚುಮೊಳೆ ಜೋಡಿಸುವವರನ್ನೂ ಬಿಡಲಿಲ್ಲ. ವಿಲ್ಕ್ಸ್ ಮನೆಯಲ್ಲಿ ಬೀಗದವನನ್ನು ಕರೆಸಿ ಡ್ರಾಯರ್‌ಗಳನ್ನು ತೆರೆಸಿದರು. ಸಿಕ್ಕಿದ ಕಾಗದವನ್ನೆಲ್ಲ ಗೋಣಿಚೀಲಕ್ಕೆ ತುಂಬಿದರು, ಅವನ ಉಯಿಲು ಕೂಡ ಅದರಲ್ಲಿತ್ತು. ಅವನನ್ನು ಸೆರೆಮನೆಯಾಗಿದ್ದ ಕೋಟೆ ಲಂಡನ್ ಟವರ್‌ಗೆ ಹಾಕಿದರು.

ಕೋರ್ಟ್‌ನಲ್ಲಿ ವಿಲ್ಕ್ಸ್ ಆಡಿದ ಮಾತು ಆಗಿನ ಕಾಲಕ್ಕೆ ಹೊಸದು. ಇಲ್ಲಿ ತೀರ್ಮಾನವಾಗುವುದು ದೊಡ್ಡವರ ಸ್ವಾತಂತ್ರ್ಯ ಮಾತ್ರ ಅಲ್ಲ, ರಕ್ಷಣೆ ಹೆಚ್ಚು ಬೇಕಾಗಿರುವ ಮಧ್ಯಮ ಮತ್ತು ಕೆಳವರ್ಗದ ಜನರ ಸ್ವಾತಂತ್ರ್ಯ ಎಂದ. ಮುಖ್ಯ ನ್ಯಾಯಾಧೀಶ ಚಾರ್ಲ್ಸ್ ಪ್ರ್ಯಾಟ್ ಮೇ 6ರಂದು ಅವನನ್ನು ಬಿಡುಗಡೆ ಮಾಡಿದ. ಕಾರಣ, ಅವನು ಸಂಸತ್ ಸದಸ್ಯ, ಅವನಿಗೆ ಸದನದ ಹಕ್ಕಿನ ರಕ್ಷಣೆ ಇದೆ. ಹೌದು, ಸದನದ ಹಕ್ಕು ಆ ದಿನ ಒಬ್ಬ ಪತ್ರಕರ್ತನನ್ನು ಸರ್ಕಾರದ ಕೈಯಿಂದ ಬಿಡಿಸಿತು. ಆ ಹಕ್ಕು ಹುಟ್ಟಿದ್ದೇ ಅಂಥ ಕೆಲಸಕ್ಕೆ. ‘ವಿಲ್ಕ್ಸ್ ಅಂಡ್ ಲಿಬರ್ಟಿ’ ಎಂಬ ಕೂಗು ಲಂಡನ್ ಬೀದಿಗಳಲ್ಲಿ ಮೊದಲು ಎದ್ದದ್ದು ಆಗಲೇ.

ಆಮೇಲೆ ಮುದ್ರಕರೆಲ್ಲ ಒಬ್ಬೊಬ್ಬರಾಗಿ ಸರ್ಕಾರದ ಮೇಲೆ ಕೇಸು ಹಾಕಿದರು. ಹಕಲ್ ಎಂಬ ಕೂಲಿ ಮುದ್ರಕನ ಕೇಸನ್ನು ಸ್ವಲ್ಪ ನೋಡಿ. ವಾರಕ್ಕೆ ಒಂದು ಗಿನ್ನಿ, ಅಂದರೆ ಒಂದು ಪೌಂಡಿಗಿಂತ ತುಸು ಹೆಚ್ಚು, ಸಂಬಳದವನು. ಸುಮಾರು ಆರು ಗಂಟೆ ಮಾತ್ರ ಹಿಡಿದಿಟ್ಟಿದ್ದರು. ಹೊಡೆಯಲಿಲ್ಲ, ಬಡಿಯಲಿಲ್ಲ, ದನದ ಮಾಂಸದ ಊಟ ಹಾಕಿ ಬಿಯರ್ ಕೊಟ್ಟು ಚೆನ್ನಾಗಿಯೇ ನೋಡಿಕೊಂಡಿದ್ದರು. ಅವನಿಗೆ ಆದ ನಷ್ಟ ತುಂಬಾ ಚಿಕ್ಕದು ಅಂತ ಸರ್ಕಾರದ ಪರ ವಾದಿಸಿದರು. ಜ್ಯೂರಿ 300 ಪೌಂಡ್ ಪರಿಹಾರ ಕೊಟ್ಟಿತು. ಅದು ಜಾಸ್ತಿಯಾಯಿತು ಎಂದು ದೂರಿದಾಗ ಪ್ರ್ಯಾಟ್ ಒಪ್ಪಲಿಲ್ಲ. ಹೆಸರಿಲ್ಲದ ವಾರಂಟ್ ಹಿಡಿದು ಒಬ್ಬನ ಮನೆಗೆ ನುಗ್ಗಿ ಸಾಕ್ಷ್ಯ ಹುಡುಕುವುದು, ಧರ್ಮದ ಹೆಸರಿನಲ್ಲಿ ಜನರನ್ನು ಹಿಂಸಿಸಿದ ಸ್ಪೇನಿನ ಇನ್‌ಕ್ವಿಸಿಷನ್‌ಗಿಂತ ಕೆಟ್ಟದ್ದು ಎಂದ. ಹಕಲ್‌ನ ಹೊಟ್ಟೆ ತುಂಬಿತ್ತು ಎನ್ನುವುದರಿಂದ ತಪ್ಪು ಸಣ್ಣದಾಗುವುದಿಲ್ಲ ಎಂದು ಆ ಕೋರ್ಟ್‌ಗೆ ಅರ್ಥವಾಗಿತ್ತು. ವಿಲ್ಕ್ಸ್‌ಗೆ ಆ ವರ್ಷವೇ 1,000 ಪೌಂಡ್ ಸಿಕ್ಕಿತು, 1769ರಲ್ಲಿ ಹ್ಯಾಲಿಫ್ಯಾಕ್ಸ್‌ನಿಂದಲೇ 4,000 ಪೌಂಡ್. ಮುಂದೆ, ಮನಬಂದಂತೆ ಶೋಧ ಮಾಡುವುದನ್ನು ತಡೆಯುವ ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿಯ ಹಿಂದೆ ಈ ಕೇಸುಗಳ ನೆನಪಿತ್ತು.

ಕೋರ್ಟ್‌ನಲ್ಲಿ ಸೋತ ಸರ್ಕಾರ ಸದನದ ಬಹುಮತವನ್ನು ಹಿಡಿಯಿತು. 1763ರ ನವೆಂಬರ್‌ನಲ್ಲಿ 45ನೇ ಸಂಚಿಕೆ ರಾಜದ್ರೋಹದ ಬರಹ ಎಂದು ಕಾಮನ್ಸ್ ಸಭೆ ನಿರ್ಣಯಿಸಿತು, ಗಲ್ಲಿಗೇರಿಸುವವನ ಕೈಯಲ್ಲಿ ಅದನ್ನು ಸುಡಿಸಲು ಹೇಳಿತು. ಸುಡಲು ತಂದಾಗ ಜನ ನುಗ್ಗಿ ಬೆಂಕಿಯಿಂದ ಕಿತ್ತುಕೊಂಡರು. ಅದೇ ಹೊತ್ತಿಗೆ ವಿಲ್ಕ್ಸ್ ಖಾಸಗಿಯಾಗಿ ಕೆಲವೇ ಪ್ರತಿ ಅಚ್ಚು ಹಾಕಿಸುತ್ತಿದ್ದ ಒಂದು ಅಶ್ಲೀಲ ಪದ್ಯವನ್ನು ಅವನ ಅಚ್ಚುಮನೆಯವನಿಂದಲೇ ಪಡೆದು, ಅವನ ಹಳೆಯ ಗೆಳೆಯ ಲಾರ್ಡ್ ಸ್ಯಾಂಡ್‌ವಿಚ್‌ನಿಂದ ಮೇಲ್ಮನೆಯಲ್ಲಿ ಗಟ್ಟಿಯಾಗಿ ಓದಿಸಿದರು. ಮಾರನೇ ದಿನವೇ ಒಬ್ಬ ಸಂಸತ್ ಸದಸ್ಯನ ಜೊತೆ ಪಿಸ್ತೂಲಿನ ಕಾಳಗದಲ್ಲಿ ವಿಲ್ಕ್ಸ್ ಹೊಟ್ಟೆಗೆ ಗುಂಡು ಬಿತ್ತು. ಅವನು ಪ್ಯಾರಿಸ್‌ಗೆ ಓಡಿದ. ಸದನ ಉಚ್ಚಾಟಿಸಿತು, ಕೋರ್ಟ್ ಅವನನ್ನು ಕಾನೂನಿನ ರಕ್ಷಣೆಯಿಂದಲೇ ಹೊರಗಿನವನು ಎಂದು ಘೋಷಿಸಿತು.

1768ರಲ್ಲಿ ಸಾಲ ಹೊತ್ತುಕೊಂಡೇ ವಾಪಸು ಬಂದು ಮಿಡಲ್‌ಸೆಕ್ಸ್ ಕ್ಷೇತ್ರದಲ್ಲಿ ನಿಂತು ಗೆದ್ದ. ಜನ ಕಂಡ ಕಂಡ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ 45 ಎಂದು ಬರೆದರು. ಆಗ ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ವಿಂಚೆಸ್ಟರ್‌ಗೆ ಹೋಗುವಾಗ ಊರಾಚೆ 15 ಮೈಲಿಯವರೆಗೆ ರಸ್ತೆ ಬದಿಯ ಒಂದು ಬಾಗಿಲೂ ಬಿಟ್ಟಂತಿರಲಿಲ್ಲ ಎಂದು ಮಗನಿಗೆ ಬರೆದ. ವಿಲ್ಕ್ಸ್ ಹಳೆಯ ಕೇಸುಗಳಿಗೆ ಶರಣಾಗಿ 22 ತಿಂಗಳ ಜೈಲುಶಿಕ್ಷೆ ಅನುಭವಿಸಿದ. ಜೈಲಿನ ಮುಂದೆ ಸೇರಿದ್ದ ಜನರ ಮೇಲೆ ಮೇ 10ರಂದು ಸೈನಿಕರು ಗುಂಡು ಹಾರಿಸಿದರು. ಅದು ಕಗ್ಗೊಲೆ ಎಂದು ಅವನು ಜೈಲಿನಿಂದಲೇ ಬರೆದು ಅಚ್ಚು ಹಾಕಿಸಿದ. ಅದನ್ನೂ ಸೇರಿಸಿ 1769ರ ಫೆಬ್ರುವರಿಯಲ್ಲಿ ಸದನ ಅವನನ್ನು ಮತ್ತೆ ಉಚ್ಚಾಟಿಸಿತು. ಮತದಾರರು ಮತ್ತೆ ಆರಿಸಿದರು. ಮತ್ತೆ ಹೊರಗೆ. ಮತ್ತೆ ಆರಿಸಿದರು. ಏಪ್ರಿಲ್‌ನಲ್ಲಿ ವಿಲ್ಕ್ಸ್‌ಗೆ 1,143 ಮತ, ಎದುರಾಳಿ ಹೆನ್ರಿ ಲಟ್ರೆಲ್‌ಗೆ 296. ಸದನ ಲಟ್ರೆಲ್ ಗೆದ್ದ ಎಂದು ತೀರ್ಮಾನಿಸಿತು. ಸದನದ ಮರ್ಯಾದೆ ಹೆಸರಿನಲ್ಲಿ ಮಾಡಿದ ಈ ಕೆಲಸದಿಂದ ಮರ್ಯಾದೆ ಕಳಕೊಂಡದ್ದು ಸದನವೇ ಅಲ್ವಾ?

ಇನ್ನು ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದ ಭಾಗ, 1771ರ ಮುದ್ರಕರ ಪ್ರಕರಣ.

ಆಗ ಕಾಮನ್ಸ್ ಸಭೆಯಲ್ಲಿ ಯಾರು ಏನು ಮಾತಾಡಿದರು ಎಂದು ಅಚ್ಚು ಹಾಕುವುದೇ ಹಕ್ಕುಚ್ಯುತಿ. ತಾನು ಆರಿಸಿದವನು ಅಲ್ಲಿ ಏನು ಮಾಡುತ್ತಿದ್ದಾನೆ ಎಂದು ತಿಳಿಯುವ ದಾರಿ ಮತದಾರನಿಗಿರಲಿಲ್ಲ. ಅದಕ್ಕೂ ಮುಂಚೆ ಸ್ಯಾಮ್ಯುಯೆಲ್ ಜಾನ್ಸನ್ ಒಂದು ಮಾಸಪತ್ರಿಕೆಗೆ ಸದನದ ಚರ್ಚೆ ಬರೆಯುವಾಗ ಅದನ್ನು ಗಲಿವರನ ಕಥೆಯಲ್ಲಿ ಬರುವ ಕಾಲ್ಪನಿಕ ಲಿಲಿಪುಟ್ ದೇಶದ ಸಭೆಯ ವರದಿ ಎಂದು ವೇಷ ಹಾಕಿಸಬೇಕಾಗಿತ್ತು. ವಿಲಿಯಂ ವುಡ್‌ಫಾಲ್ ಎಂಬ ವರದಿಗಾರ ಟಿಪ್ಪಣಿ ಮಾಡಿಕೊಳ್ಳದೆ ಗ್ಯಾಲರಿಯಲ್ಲಿ ಗಂಟೆಗಟ್ಟಲೆ ಕೂತು, ಎಲ್ಲವನ್ನೂ ತಲೆಯಲ್ಲಿ ಹೊತ್ತು ತಂದು ಬರೆಯುತ್ತಿದ್ದ. ಜನ ಅವನನ್ನು ‘ಮೆಮರಿ’ ವುಡ್‌ಫಾಲ್ ಅಂತಲೇ ಕರೆದರು.

1771ರ ಫೆಬ್ರುವರಿಯಲ್ಲಿ ಕರ್ನಲ್ ಜಾರ್ಜ್ ಆನ್‌ಸ್ಲೋ ಎಂಬ ಸದಸ್ಯ, ಪತ್ರಿಕೆಗಳು ತನ್ನ ಮಾತನ್ನು ತಿರುಚಿವೆ ಎಂದು ದೂರಿದ. ಸದನ ಮುದ್ರಕರಿಗೆ ನೋಟಿಸ್ ಕೊಟ್ಟಿತು. ವೀಬಲ್ ಮತ್ತು ಥಾಂಪ್ಸನ್ ಎಂಬ ಇಬ್ಬರು ಬರಲಿಲ್ಲ. ಅವರನ್ನು ಹಿಡಿದುಕೊಟ್ಟವರಿಗೆ ತಲಾ 50 ಪೌಂಡ್ ಎಂದು ದೊರೆಯ ಹೆಸರಿನಲ್ಲಿ ಘೋಷಣೆ ಹೊರಟಿತು. ಆ ಹೊತ್ತಿಗೆ ವಿಲ್ಕ್ಸ್ ಲಂಡನ್ ನಗರಾಡಳಿತದ ಹಿರಿಯ ಸದಸ್ಯ, ಅಂದರೆ ಆಲ್ಡರ್‌ಮನ್ ಆಗಿದ್ದ. ಆಲ್ಡರ್‌ಮನ್‌ಗೆ ಮ್ಯಾಜಿಸ್ಟ್ರೇಟ್ ಅಧಿಕಾರ ಇತ್ತು. ಅದನ್ನು ಅವನು ಸೊಗಸಾಗಿ ಬಳಸಿದ.

ಮಾರ್ಚ್ 15ರಂದು ವೀಬಲ್‌ನನ್ನು ಇನ್ನೊಬ್ಬ ಮುದ್ರಕನೇ ಹಿಡಿದು ನಗರಾಡಳಿತದ ಕಚೇರಿಯಾದ ಗಿಲ್ಡ್‌ಹಾಲ್‌ಗೆ ತಂದ. ಎಲ್ಲ ಮೊದಲೇ ಮಾತಾಡಿಕೊಂಡದ್ದು. ಪೀಠದಲ್ಲಿ ವಿಲ್ಕ್ಸ್. ಇವನ ಅಪರಾಧ ಏನು? ಘೋಷಣೆಯಲ್ಲಿ ಹೆಸರಿದೆ, ಅಷ್ಟೇ. ಹಾಗಾದರೆ ನಗರದ ಒಬ್ಬ ನಾಗರಿಕನನ್ನು ಕಾನೂನಿಲ್ಲದೆ ಹಿಡಿದಂತಾಯಿತು ಎಂದು ವೀಬಲ್‌ನನ್ನು ಬಿಟ್ಟ. ಹಿಡಿದವನ ಮೇಲೆ ಹಲ್ಲೆ ಕೇಸು ದಾಖಲಿಸಿದ. ಜೊತೆಗೆ, 50 ಪೌಂಡ್ ಬಹುಮಾನ ಪಡೆಯಲು ಅವನಿಗೊಂದು ಸರ್ಟಿಫಿಕೇಟನ್ನೂ ಬರೆದುಕೊಟ್ಟ! ಜಾನ್ ಮಿಲ್ಲರ್ ಎಂಬ ಮತ್ತೊಬ್ಬ ಮುದ್ರಕನನ್ನು ಹಿಡಿಯಲು ಸದನದ ಸಿಬ್ಬಂದಿಯೇ ಬಂದ. ಮಿಲ್ಲರ್ ಪೊಲೀಸನನ್ನು ಕರೆಸಿ ಆ ಸಿಬ್ಬಂದಿಯನ್ನೇ ಹಿಡಿಸಿದ. ಮೇಯರ್ ಬ್ರಾಸ್ ಕ್ರಾಸ್ಬಿ, ಆಲ್ಡರ್‌ಮನ್ ರಿಚರ್ಡ್ ಆಲಿವರ್ ಮತ್ತು ವಿಲ್ಕ್ಸ್ ಮೂವರೂ ಕೂತು ವಿಚಾರಿಸಿ, ಸದನದ ವಾರಂಟ್ ನಗರದೊಳಗೆ ನಡೆಯುವುದಿಲ್ಲ ಎಂದರು.

ಸದನ ಸಿಟ್ಟಿಗೆದ್ದಿತು. ಮೇಯರ್‌ನ ಗುಮಾಸ್ತನನ್ನು ಪುಸ್ತಕ ಸಮೇತ ಕರೆಸಿ, ಆ ಕೇಸಿನ ದಾಖಲೆಯನ್ನು ಸದನದ ಮುಂದೆಯೇ ಅಳಿಸಿ ಹಾಕಿಸಿತು. ಒಂದು ನ್ಯಾಯಪೀಠದ ದಾಖಲೆಯನ್ನು ಶಾಸನಸಭೆ ಹೀಗೆ ಅಳಿಸಿದ್ದನ್ನು ಓದುವಾಗ ನನಗೆ ಈಗಲೂ ಮೈ ಉರಿಯುತ್ತದೆ. ಕ್ರಾಸ್ಬಿ ಮತ್ತು ಆಲಿವರ್ ಇಬ್ಬರೂ ಕಾಮನ್ಸ್ ಸದಸ್ಯರು. ಅವರನ್ನು ಟವರ್‌ಗೆ ಕಳಿಸಿದರು. ವಿಲ್ಕ್ಸ್‌ನನ್ನು ಮೂರು ಸಲ ಕರೆದರು. ನಾನು ಮಿಡಲ್‌ಸೆಕ್ಸ್‌ನ ಸದಸ್ಯ, ನನ್ನ ಸ್ಥಾನದಲ್ಲಿ ಕೂರಿಸುವುದಾದರೆ ಬರುತ್ತೇನೆ ಎಂದ. ಕೊನೆಗೆ ಏಪ್ರಿಲ್ 8ಕ್ಕೆ ಹಾಜರಾಗಲು ಹೇಳಿ, ಸದನವನ್ನೇ 9ಕ್ಕೆ ಮುಂದೂಡಿಬಿಟ್ಟರು. ಅವನನ್ನು ಎದುರಿಸುವ ಧೈರ್ಯ ಇರಲಿಲ್ಲ. ಮೇ 8ರಂದು ಅಧಿವೇಶನ ಮುಗಿಯಿತು, ಅವತ್ತೇ ಕ್ರಾಸ್ಬಿ, ಆಲಿವರ್ ಹೊರಬಂದರು. ಅಲ್ಲಿಂದ ಮುಂದೆ ಚರ್ಚೆಗಳನ್ನು ಅಚ್ಚು ಹಾಕುವವರನ್ನು ಸದನ ಅಟ್ಟಿಸಿಕೊಂಡು ಹೋಗಲಿಲ್ಲ.

ಅಧಿವೇಶನ ಮುಗಿದ ದಿನವೇ ಬಿಡುಗಡೆ ಯಾಕೆ? ಕಾಮನ್ಸ್ ಸಭೆ ಯಾರನ್ನಾದರೂ ಜೈಲಿಗೆ ಹಾಕಿದರೆ ಅದು ಅಧಿವೇಶನ ಮುಗಿಯುವವರೆಗೆ ಮಾತ್ರ. ಇಂತಿಷ್ಟು ವರ್ಷ ಎಂದು ಶಿಕ್ಷೆ ಕೊಡುವ ಅಧಿಕಾರ ಅದಕ್ಕಿಲ್ಲ. ದಂಡವನ್ನಂತೂ ಅದು 1666ರ ನಂತರ ಯಾರಿಗೂ ಹಾಕಿಲ್ಲ. 1880ರ ನಂತರ ಯಾರನ್ನೂ ಜೈಲಿಗೂ ಹಾಕಿಲ್ಲ. ಸಾಲ ಕೊಟ್ಟವರ ಹತ್ತಿರವೇ ಇಲ್ಲದ್ದನ್ನು ನೀವು ಸಾಲ ತಂದಿರಿ ಎಂದರೆ ಹೇಗೆ ನಂಬುವುದು? ಒಂದು ವರ್ಷದ ಜೈಲು, ದಂಡ ಎಂಬ ಶಿಕ್ಷೆ ಆ ಪರಂಪರೆಯಲ್ಲೇ ಇಲ್ಲ ಎಂಬುದು ನನ್ನ ವಾದ.

ನಮ್ಮ ದೇಶದಲ್ಲೂ ಈ ಜಗಳ ಹಳೆಯದೇ. ಸಂಸದ ಫಿರೋಜ್ ಗಾಂಧಿ ಪ್ರಯತ್ನದಿಂದ 1956ರಲ್ಲಿ ಸಂಸತ್ತಿನ ಕಲಾಪ ವರದಿ ಮಾಡುವವರಿಗೆ ಕಾನೂನಿನ ರಕ್ಷಣೆ ಬಂತು. ತುರ್ತು ಪರಿಸ್ಥಿತಿಯಲ್ಲಿ ಅದನ್ನು ತೆಗೆದರು, 1977ರಲ್ಲಿ ಮತ್ತೆ ತಂದರು. 1958ರಲ್ಲಿ ಬಿಹಾರದ ‘ಸರ್ಚ್‌ಲೈಟ್’ ಪತ್ರಿಕೆಯ ಸಂಪಾದಕರು, ಕಡತದಿಂದ ತೆಗೆದ ಮಾತುಗಳನ್ನು ಅಚ್ಚು ಹಾಕಿದ್ದಕ್ಕೆ ವಿಧಾನಸಭೆ ನೋಟಿಸ್ ಕೊಟ್ಟಾಗ ಸುಪ್ರೀಂ ಕೋರ್ಟ್‌ಗೆ ಹೋದರು. ನಿಜವಾದ ವರದಿಯನ್ನೂ ತಡೆಯುವ ಅಧಿಕಾರ 1950ರಲ್ಲಿ ಕಾಮನ್ಸ್ ಸಭೆಗೆ ಇತ್ತು, ಆದ್ದರಿಂದ ಇಲ್ಲಿಯೂ ಇದೆ ಎಂದು ಬಹುಮತದ ತೀರ್ಪು ಹೇಳಿತು. ವಿಲ್ಕ್ಸ್ ಲಂಡನ್ನಿನಲ್ಲಿ ನಡೆಸಗೊಡದ ಅಧಿಕಾರ ಕಾಗದದ ಮೇಲೆ ಉಳಿದು, ಪಟ್ನಾದ ಒಬ್ಬ ಸಂಪಾದಕರ ಕೊರಳಿಗೆ ಬಿತ್ತು. ಕಾಮನ್ಸ್ ಸಭೆ ಆ ಕಾಗದದ ಅಧಿಕಾರವನ್ನೂ 1971ರಲ್ಲಿ ನಿರ್ಣಯ ಮಾಡಿ ಕೈಬಿಟ್ಟಿತು. ನಮ್ಮಲ್ಲಿ 44ನೇ ತಿದ್ದುಪಡಿಯೇ 361ಎ ವಿಧಿ ತಂದು, ದುರುದ್ದೇಶವಿಲ್ಲದ ನಿಜ ವರದಿಗೆ ಕೋರ್ಟ್ ಕೇಸುಗಳಿಂದ ರಕ್ಷಣೆ ಕೊಟ್ಟಿತು. ಆದರೆ ಸದನದ ಟೀಕೆಗೆ ಸದನವೇ ಶಿಕ್ಷೆ ಕೊಡುವ ಪದ್ಧತಿ ಹಾಗೇ ಉಳಿಯಿತು. ದೂರುದಾರರೂ ನೀವೇ, ನ್ಯಾಯಾಧೀಶರೂ ನೀವೇ.

ವಿಲ್ಕ್ಸ್‌ನ ಉಳಿದ ಬದುಕನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1774ರಲ್ಲಿ ಲಂಡನ್ ಮೇಯರ್ ಆದ, ಅದೇ ವರ್ಷ ಮಿಡಲ್‌ಸೆಕ್ಸ್‌ನಿಂದ ಮತ್ತೆ ಗೆದ್ದ, ಈ ಸಲ ಯಾರೂ ತಡೆಯಲಿಲ್ಲ. 1776ರ ಮಾರ್ಚ್ 21ರಂದು, ಬಡ ಕೂಲಿಗಾರನಿಗೂ ಕಾನೂನು ಮಾಡುವುದರಲ್ಲಿ ಪಾಲು ಬೇಕು ಎಂದು ವಾದಿಸಿ ಸಂಸತ್ ಸುಧಾರಣೆಯ ಪ್ರಸ್ತಾವ ಮಂಡಿಸಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1780ರಲ್ಲಿ ಕ್ಯಾಥೊಲಿಕರ ವಿರುದ್ಧ ಎದ್ದ ಗಾರ್ಡನ್ ಗಲಭೆಯಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಕಾಯಲು ನಿಂತು ಗಲಭೆಕೋರರ ಮೇಲೆ ಗುಂಡು ಹಾರಿಸಿದವರಲ್ಲಿ ಅವನೂ ಒಬ್ಬ. ಬೀದಿಯ ಜನ ಅವನಿಂದ ದೂರವಾದರು. 1797ರ ಡಿಸೆಂಬರ್ 26ರಂದು ಸತ್ತಾಗ ಆಸ್ತಿಗಿಂತ ಸಾಲವೇ ಜಾಸ್ತಿ ಇತ್ತು.

ಆದರೆ 1782ರ ಮೇ 3ನೇ ತಾರೀಖನ್ನು ಬಿಡುವಂತಿಲ್ಲ. ತನ್ನನ್ನು ಹೊರಗಿಟ್ಟ 1769ರ ನಿರ್ಣಯವನ್ನು ಕಡತದಿಂದ ತೆಗೆಯಬೇಕು ಎಂದು ಅವನು ವರ್ಷ ವರ್ಷವೂ ಪ್ರಸ್ತಾವ ತರುತ್ತಿದ್ದ. ವರ್ಷ ವರ್ಷವೂ ಸೋಲುತ್ತಿದ್ದ. ಆ ದಿನ 47ರ ಎದುರು 115 ಮತಗಳಿಂದ ಗೆದ್ದ. ಅದು ಇಡೀ ಮತದಾರ ಸಮುದಾಯದ ಹಕ್ಕನ್ನೇ ಬುಡಮೇಲು ಮಾಡುವ ನಿರ್ಣಯವಾಗಿತ್ತು ಎಂದು ಬರೆದು, ಕಾಮನ್ಸ್ ಸಭೆ ತನ್ನ ಕಡತದಿಂದ ತಾನೇ ಹೊಡೆದು ಹಾಕಿತು. ಒಂದು ಸದನ ತನ್ನ ತಪ್ಪನ್ನು ಒಪ್ಪಿಕೊಂಡರೆ ಅದರ ಘನತೆ ಇಳಿಯುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2017ರ ನಿರ್ಣಯವನ್ನು ನೀವು ಹೀಗೇ ಕಡತದಿಂದ ತೆಗೆಯಬಹುದು. ಯಾವ ಕೋರ್ಟೂ ಹೇಳುವವರೆಗೆ ಕಾಯಬೇಕಾಗಿಲ್ಲ.

ಇದರ ಜೊತೆಗೆ, 194ನೇ ವಿಧಿ ಕೇಳಿದ ಕಾನೂನನ್ನು ಮಾಡಿ. ಸದನದಲ್ಲಿ ನಿರ್ಭಯವಾಗಿ ಮಾತಾಡುವ ನಿಮ್ಮ ಹಕ್ಕು ಅದರಲ್ಲಿ ಗಟ್ಟಿಯಾಗಿ ಇರಲಿ. ಆ ಹಕ್ಕು ನನ್ನಂಥ ಮತದಾರನಿಗೂ ಬೇಕು, ಯಾಕೆಂದರೆ ನೀವು ಮಾತಾಡುವುದು ನನ್ನ ಪರವಾಗಿ. ಕಲಾಪಕ್ಕೆ ಅಡ್ಡಿ ಮಾಡುವವರನ್ನು, ಸಾಕ್ಷಿಗಳನ್ನು ಹೆದರಿಸುವವರನ್ನು ತಡೆಯುವ ದಾರಿಯೂ ಇರಲಿ. ಟೀಕೆ, ವರದಿ, ವ್ಯಂಗ್ಯಚಿತ್ರ, ಅಂಕಣ ಇವು ಹಕ್ಕುಚ್ಯುತಿ ಅಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಸುಳ್ಳು ಬರೆದು ಮಾನ ಕಳೆದಿದ್ದಾರೆ ಎಂದಾದರೆ ಎಲ್ಲರಂತೆ ನೀವೂ ಕೋರ್ಟ್‌ಗೆ ಹೋಗಿ. ಕರಡನ್ನು ಮಂಡಿಸುವ ಮುಂಚೆ ಕನ್ನಡದಲ್ಲಿ ಜನರ ಮುಂದಿಡಿ, ಸುಮ್ನೆ ಕೊನೇ ದಿನ ಗದ್ದಲದ ನಡುವೆ ಪಾಸು ಮಾಡಬೇಡಿ.

ಇನ್ನೊಂದು ಮಾತು. 2019ರ ಅಕ್ಟೋಬರ್‌ನಲ್ಲಿ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ವಿಧಾನಸಭೆಯೊಳಗೆ ಬಿಡದಂತೆ ಆದೇಶವಾಯಿತು. ಸದನವೇ ಆರಿಸಿ ಕೊಡುವ ದೃಶ್ಯದಲ್ಲಿ ಮಾತಾಡುವವರು ಕಾಣುತ್ತಾರೆ. ಖಾಲಿ ಕುರ್ಚಿಗಳು, ನಿದ್ದೆ ಮಾಡುವವರು, ಮೊಬೈಲ್ ನೋಡುವವರು ಕಾಣುವುದು ಬೇರೆಯವರ ಕ್ಯಾಮೆರಾದಲ್ಲಿ. ಅಂಥ ನಿರ್ಬಂಧ ಮುಂದೆ ಯಾವ ಸಭಾಧ್ಯಕ್ಷರೂ ಒಂದು ಆದೇಶದಿಂದ ಹಾಕಲು ಬಾರದ ಹಾಗೆ, ಹೊಸ ಕಾನೂನಿನಲ್ಲೇ ಕ್ಯಾಮೆರಾಗಳಿಗೂ ವರದಿಗಾರರಿಗೂ ಗ್ಯಾಲರಿಯಲ್ಲಿ ಜಾಗ ಬರೆದಿಡಿ.

ಇಂತಿ,
ಕರ್ನಾಟಕದ ಒಬ್ಬ ಮತದಾರ